ಸೋತದ್ದು ಈಡನ್ನಿನಲ್ಲಿ, ಗೆಲ್ಲಬೇಕಾದ್ದು ಗದಗಿನಲ್ಲಿ

ನವೆಂಬರ್ 16, 2025, ಭಾನುವಾರ. ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಗೆಲ್ಲೋದಕ್ಕೆ ನಮಗೆ ಬೇಕಾಗಿದ್ದು ಬರೀ 124 ರನ್. ಆಗಿದ್ದು 93. ಮೂರನೇ ದಿನಕ್ಕೇ ಟೆಸ್ಟ್ ಖಲಾಸ್. ಕತ್ತು ಉಳುಕಿ ನಾಯಕ ಶುಭಮನ್ ಗಿಲ್ ಬ್ಯಾಟ್ ಮಾಡಲಿಲ್ಲ ಅನ್ನೋದು ನಿಜ. ಆದರೆ ಉಳಿದವರಿಗೇನಾಗಿತ್ತು? ಅದೇ ತಿಂಗಳು ಗುವಾಹಟಿಯಲ್ಲಿ 408 ರನ್‌ಗಳ ಸೋಲು. ರನ್ ಲೆಕ್ಕದಲ್ಲಿ ಭಾರತ ಟೆಸ್ಟ್‌ನಲ್ಲಿ ಸೋತ ಅತಿ ದೊಡ್ಡ ಸೋಲು ಅದು. ಹಿಂದಿನ ವರ್ಷವಷ್ಟೇ ನ್ಯೂಜಿಲೆಂಡ್ ನಮ್ಮನೆಗೇ ಬಂದು 3-0 ಅಂತ ಗುಡಿಸಿ ಹಾಕಿ ಹೋಗಿತ್ತು.

ಈ ಊರಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಲೋಕದ ಸಮಸ್ಯೆಗಳನ್ನೆಲ್ಲ ಬಗೆಹರಿಸುವುದಕ್ಕೆ 'ಅಡ್ಡಾ' ಅಂತಾರೆ, ನಿಮಗೆ ಗೊತ್ತೇ ಇದೆ. ಆ ವಾರ ಅಡ್ಡಾಗಳಲ್ಲಿ ಬೇರೆ ಮಾತೇ ಇರಲಿಲ್ಲ. ಪಿಚ್ ಸರಿ ಇಲ್ಲ ಅಂತ ಒಬ್ಬ, ಕೋಚ್‌ನ ಕಿತ್ತುಹಾಕಿ ಅಂತ ಇನ್ನೊಬ್ಬ. ಕೋಚ್ ಗೌತಮ್ ಗಂಭೀರ್ ಮಾತ್ರ ನಾವು ಕೇಳಿದ್ದೇ ಇಂಥಾ ಪಿಚ್ಚು ಅಂದುಬಿಟ್ಟರು. ಇದೇ ಗಂಭೀರ್ 2012ರಲ್ಲಿ, 2014ರಲ್ಲಿ ಐಪಿಎಲ್ ಕಪ್ ತಂದುಕೊಟ್ಟಾಗ ಈ ಊರು ಅವರನ್ನು ತಲೆ ಮೇಲೆ ಹೊತ್ತುಕೊಂಡು ಮೆರೆಸಿತ್ತು. ಇರಲಿ, ಕ್ರಿಕೆಟ್ ಅಂದರೆ ಹಾಗೇ.

ನನಗೆ ಕಾಡಿದ ಪ್ರಶ್ನೆ ಬೇರೆ. ಆ ಪಿಚ್ಚಿನಲ್ಲಿ ಎಂಟು ವಿಕೆಟ್ ತೆಗೆದ ಸೈಮನ್ ಹಾರ್ಮರ್ ಯಾರು? 2015ರಲ್ಲಿ ಭಾರತಕ್ಕೆ ಬಂದು ಸೋತು ಹೋದವನು. ಮರುವರ್ಷ ಮುಂಬೈಗೆ ತಾನಾಗೇ ಬಂದು ಸ್ಪಿನ್ ಪಾಠ ಹೇಳಿಸಿಕೊಂಡವನು, ಆಮೇಲೆ ಎಸೆಕ್ಸ್ ಕೌಂಟಿಯಲ್ಲಿ ವರ್ಷಗಟ್ಟಲೆ ಕೆಂಪು ಚೆಂಡು ತಿರುಗಿಸಿದವನು. ನಮ್ಮ ವಿದ್ಯೆಯನ್ನು ನಮ್ಮಲ್ಲೇ ಕಲಿತು ನಮ್ಮ ಮೇಲೇ ಪ್ರಯೋಗಿಸಿದ. ಹಾಗಾದರೆ ಆ ವಿದ್ಯೆಯನ್ನು ನಮ್ಮ ಹುಡುಗರು ಎಲ್ಲಿ ಕಲಿಯುತ್ತಿದ್ದಾರೆ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈಡನ್ನಿಗೇ ಹೋಗೋಣ.

1958ರ ಡಿಸೆಂಬರ್ 31ರಂದು ಇಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಶುರುವಾಯಿತು. ರೋಹನ್ ಕನ್ಹಾಯ್ ಒಬ್ಬನೇ 256 ಹೊಡೆದ. ಅವರು 5 ವಿಕೆಟ್ಟಿಗೆ 614. ನಾವು 124 (ಹೌದು, ಅದೇ 124!), ಮತ್ತೆ 154. ಇನ್ನಿಂಗ್ಸ್ ಮತ್ತು 336 ರನ್ ಸೋಲು. ಹಾಲ್ ಮತ್ತು ಗಿಲ್‌ಕ್ರಿಸ್ಟ್ ಎಸೆದ ಚೆಂಡು ನಮ್ಮವರ ಕಣ್ಣಿಗೇ ಕಾಣುತ್ತಿರಲಿಲ್ಲವಂತೆ. ಆ ಸರಣಿಯ ಐದು ಟೆಸ್ಟುಗಳಿಗೆ ನಮಗೆ ನಾಲ್ಕು ಮಂದಿ ನಾಯಕರು: ಉಮ್ರಿಗರ್, ಗುಲಾಂ ಅಹಮದ್, ವಿನೂ ಮಂಕಡ್, ಹೇಮು ಅಧಿಕಾರಿ. ಬೇಸಿಗೆಗೆ ಇಂಗ್ಲೆಂಡಿಗೆ ಹೋಗುವಾಗ ಐದನೆಯವರು, ದತ್ತಾಜಿ ಗಾಯಕ್ವಾಡ್. ಅವರಿಗೆ ಹುಷಾರು ತಪ್ಪಿದಾಗ ಲಾರ್ಡ್ಸ್‌ನಲ್ಲಿ ಆರನೆಯವರು, ನಮ್ಮ ಕಲ್ಕತ್ತದ ಪಂಕಜ್ ರಾಯ್. ಎಂಟು ತಿಂಗಳಲ್ಲಿ ಆರು ನಾಯಕರು! ಫಲಿತಾಂಶ? ಮೊದಲ ಸರಣಿ 0-3, ಎರಡನೇದು 0-5. ಅಡುಗೆ ಕೆಟ್ಟರೆ ಬಡಿಸೋನನ್ನ ಬದಲಾಯಿಸಿದ ಹಾಗೆ.

ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಅದರ ಮುಂದಿನ ಅಧ್ಯಾಯ. ಹೆಚ್ಚು ಜನಕ್ಕೆ ಇದು ನೆನಪಿಲ್ಲ. 1962ರಲ್ಲಿ ಭಾರತ ವೆಸ್ಟ್ ಇಂಡೀಸಿಗೆ ಹೋಗಿ ಮತ್ತೆ 0-5. ಬಾರ್ಬಡೋಸಿನಲ್ಲಿ ಗ್ರಿಫಿತ್‌ನ ಚೆಂಡು ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಬಿದ್ದು ಜೀವ ಹೋಗಿ ಬಂತು. ಆಗ ನಮ್ಮ ಮಂಡಳಿ ಒಂದು ಬುದ್ಧಿವಂತ ಕೆಲಸ ಮಾಡಿತು. ಹುಡುಗರು ವೇಗದ ಬೌಲಿಂಗನ್ನು ನೋಡೇ ಇಲ್ಲ, ಇನ್ನು ಆಡೋದು ಹೇಗೆ? ಸರಿ, ವೆಸ್ಟ್ ಇಂಡೀಸಿನಿಂದಲೇ ನಾಲ್ಕು ಮಂದಿ ವೇಗಿಗಳನ್ನು ಕರೆಸಿ 1962-63ರ ಋತುವಿನಲ್ಲಿ ರಣಜಿ ತಂಡಗಳಿಗೆ ಹಂಚಿದರು. ಗಿಲ್‌ಕ್ರಿಸ್ಟ್ ಹೈದರಾಬಾದಿಗೆ, ಸ್ಟೇಯರ್ಸ್ ಬಾಂಬೆಗೆ, ವಾಟ್ಸನ್ ದೆಹಲಿಗೆ, ಲೆಸ್ಟರ್ ಕಿಂಗ್ ಬಂಗಾಳಕ್ಕೆ. ಹೈದರಾಬಾದಿನ ವಿರುದ್ಧ ಗಿಲ್‌ಕ್ರಿಸ್ಟ್‌ನ ಎದುರಿಸಿ ಪಂಕಜ್ ರಾಯ್ ಒಂದೇ ಪಂದ್ಯದಲ್ಲಿ ಎರಡು ಶತಕ ಹೊಡೆದದ್ದನ್ನು ಇಲ್ಲಿನ ಹಳಬರು ಮೊನ್ನೆ ನಡೆದಂತೆ ಹೇಳುತ್ತಿದ್ದರು. ನನ್ನ ಆಫೀಸಿನಲ್ಲಿ ಅಂಥ ಒಬ್ಬ ದಾದಾ ಇದ್ದರು. 1986ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರು ಮೊದಲು ಕೇಳಿದ್ದು ನನ್ನ ಹೆಸರಲ್ಲ, "ವಿಶ್ವನಾಥ್ ನಿಮ್ಮ ಊರಿನವನಾ?" ಅಂತ. 1975ರ ಹೊಸವರ್ಷದ ಹೊತ್ತಿಗೆ ಜಿ.ಆರ್. ವಿಶ್ವನಾಥ್ ಈಡನ್ನಿನಲ್ಲಿ 139 ಹೊಡೆದು ವೆಸ್ಟ್ ಇಂಡೀಸನ್ನು ಸೋಲಿಸಿದ್ದನ್ನು ಅವರು ಮರೆತಿರಲಿಲ್ಲ. ಭದ್ರಾವತಿಯ ಪುಣ್ಯದಿಂದ ನನಗೆ ಈ ಊರಲ್ಲಿ ಮೊದಲ ಚಹಾ ಪುಕ್ಕಟೆ ಸಿಕ್ಕಿತು.

ವಿಷಯಕ್ಕೆ ಬರ್ತೀನಿ. ಆ ನಾಲ್ಕು ವೇಗಿಗಳ ಯೋಜನೆಯಲ್ಲಿ ಇದ್ದದ್ದು ಸರಿಯಾದ ರೋಗಪರೀಕ್ಷೆ. ರೋಗ ಟೆಸ್ಟ್ ತಂಡದಲ್ಲಿಲ್ಲ, ಅದರ ಕೆಳಗೆ ಇದೆ ಅನ್ನೋ ತಿಳಿವಳಿಕೆ. ಆದರೆ ಔಷಧ ಕೊಟ್ಟಿದ್ದು ಒಂದೇ ಋತು. ನಮ್ಮವರೇ ವೇಗಿಗಳಾಗಿ ಬೆಳೆಯುವ ಏರ್ಪಾಟು ಆಗೋದಕ್ಕೆ 1987ರಲ್ಲಿ ಮದ್ರಾಸಿನಲ್ಲಿ ಎಂಆರ್‌ಎಫ್ ಪೇಸ್ ಫೌಂಡೇಶನ್ ಬರಬೇಕಾಯಿತು. ಅದೂ ಒಂದು ಟಯರ್ ಕಂಪನಿಯ ಹಣದಿಂದ! ಡೆನಿಸ್ ಲಿಲ್ಲಿ ಬಂದು ಪಾಠ ಹೇಳಿದರು. ನಮ್ಮ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಇಬ್ಬರೂ ಅಲ್ಲಿ ತಿದ್ದಿಸಿಕೊಂಡು ಬಂದವರೇ.

ಈಗ ನಮ್ಮೂರ ಕಡೆ ತಿರುಗೋಣ. 1958-59ರಿಂದ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಬಾಂಬೆಯ ಮನೆಯಲ್ಲೇ ಇತ್ತು. ಅದನ್ನು ಹೊರಗೆ ತಂದದ್ದು 1974ರಲ್ಲಿ ಕರ್ನಾಟಕ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಬಾರಿಸಿದ್ದು, ಪ್ರಸನ್ನ ಗಾವಸ್ಕರ್‌ನ ಬೌಲ್ಡ್ ಮಾಡಿದ ಆ ಚೆಂಡು... ನಮ್ಮ ಪೀಳಿಗೆಗೆ ಇದು ಹರಿಕಥೆ ಇದ್ದಂತೆ, ಎಷ್ಟು ಸಲ ಕೇಳಿದರೂ ಸಾಲದು. ಆದರೆ ಆ ಗೆಲುವು ಆಕಾಶದಿಂದ ಬೀಳಲಿಲ್ಲ. ನಾರಿನ ಮ್ಯಾಟಿಂಗ್ ಮೇಲೆ ಆಡಿ ಆಡಿ ಬೌಲರುಗಳು ಬೌನ್ಸು ಕಲಿತರು. ಕಾಲೇಜು, ಯೂನಿವರ್ಸಿಟಿ ಕ್ರಿಕೆಟ್ಟಿತ್ತು. ಬ್ಯಾಂಕು, ಕಾರ್ಖಾನೆಗಳು ಕೆಲಸ ಕೊಟ್ಟು ಆಟಗಾರರ ಅನ್ನದ ಚಿಂತೆ ಕಳೆದವು. ಬೆಂಗಳೂರಿನ ಲೀಗಿನಲ್ಲಿ ಟೆಸ್ಟ್ ಆಡಿದವನ ಪಕ್ಕದಲ್ಲಿ ಹೈಸ್ಕೂಲ್ ಹುಡುಗ ಫೀಲ್ಡ್ ಮಾಡುತ್ತಿದ್ದ. ಕೋಚಿಂಗ್ ಅಂದರೆ ಅದಕ್ಕಿಂತ ದೊಡ್ಡದು ಇನ್ನೇನು ಸ್ವಾಮಿ? ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಕೇಕಿ ತಾರಾಪೂರ್ ಎಂಬ ಹಿರಿಯರು ನೂರಾರು ಹುಡುಗರ ನಡುವೆ ಒಬ್ಬ ಸಂಕೋಚದ ಹುಡುಗನನ್ನು ಗುರುತಿಸಿ ಹಠ ಹಿಡಿದು ತಿದ್ದಿದರು. ಅವನೇ ರಾಹುಲ್ ದ್ರಾವಿಡ್.

ಇನ್ನು ಸುನಿಲ್ ಜೋಶಿ. ಗದಗಿನ ಹುಡುಗ. ಅಲ್ಲಿ ಅಭ್ಯಾಸಕ್ಕೆ ಸರಿಯಾದ ಅನುಕೂಲ ಇಲ್ಲ ಅಂತ ಬೆಳಗಿನ ಜಾವ ಹೊರಟು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮಾಡಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಗದಗಿಗೆ ವಾಪಸು. ದಿನಾ! ಇದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹತ್ತು ಓವರಿನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತ. 1996ರ ಒಂದೇ ವರ್ಷದಲ್ಲಿ ಭಾರತದ ಟೆಸ್ಟ್ ಕ್ಯಾಪ್ ಹಾಕಿ ಆಡಿದ ಕರ್ನಾಟಕದವರನ್ನು ಎಣಿಸಿ ನೋಡಿ: ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್, ಜೋಶಿ, ಡೇವಿಡ್ ಜಾನ್ಸನ್. ಆರು ಜನ. ಇವರಲ್ಲಿ ಮೈಸೂರಿನವನಿದ್ದಾನೆ, ಅರಸೀಕೆರೆಯವನಿದ್ದಾನೆ, ಗದಗಿನವನಿದ್ದಾನೆ.

ಜೋಶಿಯ ಕಥೆ ಕೇಳಿ ನಾವೆಲ್ಲ ಅವನ ಛಲವನ್ನು ಹೊಗಳ್ತೀವಿ. ಹೊಗಳಬೇಕಾದ್ದೇ. ಆದರೆ ಆ ರೈಲು ಹತ್ತಲಾಗದ ಹುಡುಗರು ಎಷ್ಟಿದ್ದರೋ? ಒಬ್ಬ ಜೋಶಿ ದಿನಾ ಅಷ್ಟು ದೂರ ಓಡಾಡಬೇಕಾಗಿ ಬಂದದ್ದು ನಮ್ಮ ಹೆಮ್ಮೆಯೋ ನಮ್ಮ ನಾಚಿಕೆಯೋ, ನೀವೇ ಹೇಳಿ.

ಹುಡುಗ ಮೈದಾನವನ್ನು ಹುಡುಕಿಕೊಂಡು ಬರುವುದಲ್ಲ, ಮೈದಾನವೇ ಹುಡುಗನನ್ನು ಹುಡುಕಿಕೊಂಡು ಹೋಗಬೇಕು. ಈ ಮಾತು ಹೇಳಿ ಮಾಡಿ ತೋರಿಸಿದವರೂ ಇದ್ದಾರೆ. ಜಗಮೋಹನ್ ದಾಲ್ಮಿಯಾ ಮಂಡಳಿಯ ಅಧ್ಯಕ್ಷರಾಗಿದ್ದ ಕಾಲದಲ್ಲಿ, 2002ರ ಸುಮಾರಿಗೆ, ಪತ್ರಕರ್ತ ಮಕರಂದ ವಾಯಂಗಣಕರ್ ಅವರ ಯೋಚನೆಯಂತೆ ಪ್ರತಿಭೆ ಹುಡುಕುವ ಒಂದು ವಿಭಾಗ ಶುರುವಾಯಿತು. ದಿಲೀಪ್ ವೆಂಗ್‌ಸರ್ಕಾರ್ ಅದರ ಮುಖ್ಯಸ್ಥರು. ಹಳೆಯ ಆಟಗಾರರಿಗೆ ಸಣ್ಣ ಊರುಗಳ ಪಂದ್ಯ ನೋಡಿ ವರದಿ ಬರೆಯುವ ಕೆಲಸ. ಬಂಗಾಳದ ಮಾಜಿ ಆಟಗಾರ ಪ್ರಕಾಶ್ ಪೊದ್ದಾರ್ ಹೀಗೆ 2003ರಲ್ಲಿ ಜಮ್‌ಶೆಡ್‌ಪುರಕ್ಕೆ ಹೋದಾಗ ಚೆಂಡನ್ನು ಸಿಕ್ಕಾಪಟ್ಟೆ ಬಲವಾಗಿ ಹೊಡೆಯುವ ಒಬ್ಬ ಉದ್ದಗೂದಲಿನ ಕೀಪರನ್ನು ಕಂಡರು, ವರದಿ ಕಳಿಸಿದರು. ಮಹೇಂದ್ರ ಸಿಂಗ್ ಧೋನಿ ಬೆಳಕಿಗೆ ಬಂದದ್ದು ಹಾಗೆ. ಇಷ್ಟು ಒಳ್ಳೆಯ ಯೋಜನೆ ಎಷ್ಟು ಕಾಲ ಬಾಳಿತು ಅಂತೀರಾ? ಕೆಲವೇ ವರ್ಷ. ಮಂಡಳಿಯಲ್ಲಿ ಕುರ್ಚಿಗಳು ಬದಲಾದವು, ಯೋಜನೆಯೂ ಹೋಯಿತು. ಧೋನಿ ಕಪ್ಪು ಎತ್ತಿದಾಗ ಪೊದ್ದಾರ್ ಹೆಸರು ಎಷ್ಟು ಜನ ನೆನೆದರು?

2001ರ ಮಾರ್ಚಿನ ಈಡನ್ ಟೆಸ್ಟನ್ನು ಎಲ್ಲರೂ ಪವಾಡ ಅಂತಾರೆ. ಫಾಲೋ ಆನ್ ಆಗಿ, ಲಕ್ಷ್ಮಣ್ 281, ದ್ರಾವಿಡ್ 180, ಇಡೀ ನಾಲ್ಕನೇ ದಿನ ವಿಕೆಟ್ಟೇ ಇಲ್ಲ, ಹರಭಜನ್‌ನ ಹ್ಯಾಟ್ರಿಕ್. ನಾನು ಐದನೇ ದಿನ ಆಫೀಸಿಗೆ ಚಕ್ಕರ್ ಹೊಡೆದು ಹೋಗಿದ್ದೆ, ಈಗ ನಿವೃತ್ತನಾದ್ದರಿಂದ ಧೈರ್ಯವಾಗಿ ಬರೀಬಹುದು. ಆದರೆ ಹಿಂದಿನ ವರ್ಷವನ್ನು ನೋಡಿ. 2000ನೇ ಇಸವಿಯಲ್ಲಿ ಮ್ಯಾಚ್ ಫಿಕ್ಸಿಂಗ್ ಹೊಲಸು ಹೊರಬಿದ್ದು ಜನ ಕ್ರಿಕೆಟ್ಟಿಗೇ ಬೆನ್ನು ತಿರುಗಿಸಿದ್ದರು. ಅದೇ ವರ್ಷವೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಶುರುವಾಯಿತು, ರೋಜರ್ ಬಿನ್ನಿ ತರಬೇತಿಯ 19ರೊಳಗಿನವರ ತಂಡ ವಿಶ್ವಕಪ್ ಗೆದ್ದಿತು, ನ್ಯೂಜಿಲೆಂಡಿನ ಜಾನ್ ರೈಟ್ ಮೊದಲ ವಿದೇಶಿ ಕೋಚ್ ಆಗಿ ಬಂದರು. ಹರಭಜನ್ ಅದೇ ಅಕಾಡೆಮಿಯಿಂದ ಶಿಸ್ತಿನ ಕಾರಣಕ್ಕೆ ಮನೆಗೆ ಕಳಿಸಲ್ಪಟ್ಟವನು ಅನ್ನೋದು ತಮಾಷೆ! ಅಕಾಡೆಮಿಯೇ ಈಡನ್ ಗೆದ್ದಿತು ಅಂತ ನಾನು ಹೇಳ್ತಿಲ್ಲ. ಲಕ್ಷ್ಮಣ್, ದ್ರಾವಿಡ್ ಇಬ್ಬರೂ ರಣಜಿಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಬಂದವರು. ಇಡೀ ದಿನ ಔಟಾಗದೆ ನಿಲ್ಲುವ ಅಭ್ಯಾಸ ನೆಟ್ಸ್‌ನಲ್ಲಿ ಬರುವುದಿಲ್ಲ.

ಅದಕ್ಕೇ ರಣಜಿಯ ಬಗ್ಗೆ ನನಗೆ ಹೊಟ್ಟೆಯುರಿ. 2025ರ ಜನವರಿಯಲ್ಲಿ ಮಂಡಳಿ ಗದರಿಸಿದ ಮೇಲೆ ದೊಡ್ಡ ಆಟಗಾರರು ರಾಜ್ಯ ತಂಡಕ್ಕೆ ಮರಳಿದರು. ವಿರಾಟ್ ಕೊಹ್ಲಿ 2012ರ ನಂತರ ಮೊದಲ ಸಲ, ರೋಹಿತ್ ಶರ್ಮಾ 2015ರ ನಂತರ ಮೊದಲ ಸಲ. ನಮ್ಮ ಕೆ.ಎಲ್. ರಾಹುಲ್ ಐದು ವರ್ಷದ ಮೇಲೆ. ರಾಹುಲ್ ಅದಕ್ಕೆ ಮುಂಚೆ ಆಡಿದ್ದು ಇಲ್ಲೇ, ಈಡನ್ನಿನಲ್ಲೇ, 2020ರ ಸೆಮಿಫೈನಲ್. ನಾವೊಂದಿಷ್ಟು ಕನ್ನಡದವರು ಹೋಗಿ ಕೂತಿದ್ದೆವು, ಬಂಗಾಳದ ಸ್ನೇಹಿತರ ಜೊತೆ. ಕರ್ನಾಟಕ 122ಕ್ಕೆ ಆಲೌಟ್, ಎರಡನೇ ಸಲ 177. 174 ರನ್ ಸೋಲು. ಎರಡನೇ ಇನ್ನಿಂಗ್ಸಿನಲ್ಲಿ ನಮ್ಮವರ ಆರು ವಿಕೆಟ್ ತೆಗೆದವನು ಮುಖೇಶ್ ಕುಮಾರ್.

ಈ ಮುಖೇಶ್‌ನ ಕಥೆ ವಲಸೆ ಬಂದ ನಮ್ಮಂಥವರು ಕೇಳಲೇಬೇಕು. ಬಿಹಾರದ ಗೋಪಾಲಗಂಜಿನವನು. ಅಪ್ಪ ಕಲ್ಕತ್ತದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. 2014ರಲ್ಲಿ ಸೌರವ್ ಗಂಗೂಲಿ ಬಂಗಾಳ ಸಂಸ್ಥೆಯಲ್ಲಿ 'ವಿಷನ್ 2020' ಅಂತ ಒಂದು ಯೋಜನೆ ತಂದು ವಕಾರ್ ಯೂನಿಸ್, ಮುರಳೀಧರನ್, ಲಕ್ಷ್ಮಣ್‌ರನ್ನು ಕರೆಸಿದರಲ್ಲ, ಅದರ ಆಯ್ಕೆ ಶಿಬಿರದಲ್ಲಿ ರಣದೇವ್ ಬೋಸ್ ಕಣ್ಣಿಗೆ ಬಿದ್ದವನು. 2023ರಲ್ಲಿ ಭಾರತಕ್ಕೇ ಆಡಿದ. ಮೊಹಮ್ಮದ್ ಶಮಿ ಉತ್ತರಪ್ರದೇಶದ ಹಳ್ಳಿಯವನು, ತನ್ನ ರಾಜ್ಯದಲ್ಲಿ ಯಾರೂ ಕೇಳದಿದ್ದಾಗ ಇಲ್ಲಿನ ಮೈದಾನದ ಕ್ಲಬ್ಬಿಗೆ ಬಂದು ಬೆಳೆದವನು. ಆಕಾಶ್ ದೀಪ್ ಸಾಸಾರಾಮಿನವನು. ಬಂಗಾಳದ ವೇಗದ ಬೌಲಿಂಗ್ ಅಂದರೆ ಹೀಗೆ, ರೈಲಿನಲ್ಲಿ ಬಂದು ಇಳಿದದ್ದು. ಈ ಊರು ಹೊರಗಿನವನಿಗೆ ಅನ್ನ ಹಾಕುತ್ತದೆ ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅಪ್ಪನ ಟ್ಯಾಕ್ಸಿ ಕಲ್ಕತ್ತದಲ್ಲಿ ಇಲ್ಲದಿದ್ದರೆ? ಆಗ ಗೋಪಾಲಗಂಜಿನ ಆ ಹುಡುಗನ ಹತ್ತಿರ ಯಾವ ಕೋಚ್ ಹೋಗುತ್ತಿದ್ದ?

ಕರ್ನಾಟಕದ ಬಗ್ಗೆಯೂ ಒಂದು ಖಾರದ ಮಾತು. 2014-15ರಲ್ಲಿ ಎಂಟನೇ ಸಲ ರಣಜಿ ಗೆದ್ದ ಮೇಲೆ ಹತ್ತು ವರ್ಷ ನಮಗೆ ಟ್ರೋಫಿ ಬರಲಿಲ್ಲ. ಆ ಹತ್ತು ವರ್ಷದಲ್ಲಿ ವಿದರ್ಭ ಮೂರು ಸಲ ಗೆದ್ದಿತು. ವಿದರ್ಭ! ಒಂದು ಕಾಲಕ್ಕೆ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವರು ನಾಗಪುರದಲ್ಲಿ ಹುಡುಗರನ್ನು ಇಟ್ಟುಕೊಂಡು ಊಟ ಹಾಕಿ ಕಲಿಸುವ ಅಕಾಡೆಮಿ ಮಾಡಿದರು, ಚಂದ್ರಕಾಂತ್ ಪಂಡಿತ್‌ರಂಥ ಬಿಗಿ ಕೈಯ ಕೋಚನ್ನು ತಂದರು. 2017ರ ಡಿಸೆಂಬರಿನಲ್ಲಿ ಈಡನ್ನಿನ ಸೆಮಿಫೈನಲ್‌ನಲ್ಲಿ ಕರ್ನಾಟಕಕ್ಕೆ ಬೇಕಾಗಿದ್ದು 198, ಸೋತದ್ದು 5 ರನ್ನಿಗೆ. ರಜನೀಶ್ ಗುರ್ಬಾನಿ ಏಳು ವಿಕೆಟ್. ಅವರ ಪರ ಬ್ಯಾಟ್ ಬೀಸಿದವರಲ್ಲಿ ದಾವಣಗೆರೆಯ ಗಣೇಶ್ ಸತೀಶ್ ಕೂಡ ಇದ್ದ, ನಮ್ಮನ್ನು ಬಿಟ್ಟು ಅಲ್ಲಿಗೆ ಹೋದವನು! ಆ ಬೆಳಿಗ್ಗೆ ಮನೆಗೆ ಬಂದು ಊಟ ಸೇರಲಿಲ್ಲ ಅಂತ ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈಗಿನ ಸ್ಥಿತಿ ನೋಡಬೇಕಾದರೆ ಬೆಳಿಗ್ಗೆ ಆರೂವರೆಗೆ ನಮ್ಮ ದಕ್ಷಿಣ ಕಲ್ಕತ್ತದ ವಿವೇಕಾನಂದ ಪಾರ್ಕಿಗೆ ಬನ್ನಿ. ಲೇಕ್ ಮಾರ್ಕೆಟ್ಟಿನ ನಮ್ಮ ಕಡೆಯವರ ಮಕ್ಕಳೂ ಅಲ್ಲಿದ್ದಾರೆ. ಒಂದು ನೆಟ್ಟಿಗೆ ಇಪ್ಪತ್ತು-ಮೂವತ್ತು ಹುಡುಗರು. ಒಬ್ಬೊಬ್ಬನಿಗೆ ಐದೋ ಹತ್ತೋ ನಿಮಿಷ ಬ್ಯಾಟು. ಅಪ್ಪಂದಿರು ಬಲೆಯಾಚೆ ಮೊಬೈಲಿನಲ್ಲಿ ವಿಡಿಯೋ ತೆಗೀತಾ "ಎತ್ತಿ ಹೊಡಿ" ಅಂತ ಕೂಗ್ತಾರೆ. ಅವರನ್ನು ಬೈದೂ ಪ್ರಯೋಜನವಿಲ್ಲ. ಹದಿಮೂರು ವರ್ಷದ ವೈಭವ್ ಸೂರ್ಯವಂಶಿಗೆ 2024ರ ಐಪಿಎಲ್ ಹರಾಜಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಸಿಕ್ಕಿದ್ದನ್ನು ಅವರೂ ನೋಡಿದ್ದಾರೆ. ಅಲ್ಲಿ ನಾಲ್ಕು ತಾಸು ಕ್ರೀಸಿನಲ್ಲಿ ನಿಲ್ಲೋದನ್ನು ಕಲಿಸಿ ಅಂತ ಯಾವ ಅಪ್ಪನೂ ಕೇಳಿದ್ದನ್ನು ನಾನು ಕಂಡಿಲ್ಲ. ಸ್ಪಿನ್ನಿಗೆ ಕಾಲು ಮುಂದಿಡೋದು ಹೇಗೆ, ಚೆಂಡು ನೆಲದಲ್ಲಿ ಗಿರಕಿ ಹೊಡೆಯುವಾಗ ಕೈ ಮೆತ್ತಗೆ ಇಡೋದು ಹೇಗೆ, ಇದನ್ನೆಲ್ಲ ಸಿಮೆಂಟಿನ ಮೇಲೆ ಹಾಸಿದ ಹಸಿರು ಪ್ಲಾಸ್ಟಿಕ್ ಹುಲ್ಲಿನಲ್ಲಿ ಕಲಿಸೋಕೂ ಆಗಲ್ಲ. ಚೆಂಡು ಅಲ್ಲಿ ತಿರುಗೋದೇ ಇಲ್ಲವಲ್ಲ! ನಂತರ ಆ ಹುಡುಗ ದೊಡ್ಡವನಾಗಿ ಈಡನ್ನಿನಲ್ಲಿ ಹಾರ್ಮರ್‌ನ ಎದುರು ನಿಂತಾಗ ನಾವು ಗಂಭೀರ್‌ರನ್ನು ಬೈಯುತ್ತೇವೆ.

ಇದರ ಜೊತೆಗೆ ವಯಸ್ಸಿನ ಕಳ್ಳತನ. 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ದ್ರಾವಿಡ್ ಈ ಬಗ್ಗೆ ಬಿಚ್ಚಿ ಮಾತಾಡಿದರು. ಹದಿನೆಂಟರವನು ಹದಿನೈದರವನಾಗಿ ಆಡಿದರೆ ನಿಜವಾದ ಹದಿನೈದರ ಹುಡುಗ ಬ್ಯಾಟು ಕೆಳಗಿಟ್ಟು ಮನೆಗೆ ಹೋಗ್ತಾನೆ. ದ್ರಾವಿಡ್ ಕಿರಿಯರ ಕೋಚ್ ಆಗಿದ್ದಾಗ 19ರೊಳಗಿನವರ ವಿಶ್ವಕಪ್ಪನ್ನು ಒಬ್ಬ ಹುಡುಗ ಒಮ್ಮೆ ಮಾತ್ರ ಆಡಬೇಕು ಅನ್ನೋ ನಿಯಮ ಬಂತು. 2018ರಲ್ಲಿ ಕಪ್ ಗೆದ್ದಾಗ ಮಂಡಳಿ ತಮಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಅಂದದ್ದಕ್ಕೆ ಒಪ್ಪದೆ ಎಲ್ಲರಿಗೂ ಸಮ ಮಾಡಿ ಅಂದರು. ಕೊನೆಗೆ ತರಬೇತಿ ತಂಡದ ಎಲ್ಲರಿಗೂ 25 ಲಕ್ಷವಾಯಿತು. ಇದು ಬರೀ ದೊಡ್ಡತನದ ವಿಷಯವಲ್ಲ. ಕಲಿಸುವವನ ಕೆಲಸಕ್ಕೆ ಬೆಲೆ ಕಟ್ಟುವ ವಿಷಯ. ಜಿಲ್ಲೆಯ ಕೋಚ್‌ಗೆ ಆ ಬೆಲೆ ಯಾವಾಗ?

ಹಣ ಇಲ್ಲವಾ ಅಂದರೆ, ಇದೆಯಲ್ಲ! 2024ರ ಸೆಪ್ಟೆಂಬರಿನಲ್ಲಿ ದೇವನಹಳ್ಳಿ ಕಡೆ ನಲವತ್ತು ಎಕರೆಯಲ್ಲಿ ಮಂಡಳಿಯ ಸೆಂಟರ್ ಆಫ್ ಎಕ್ಸಲೆನ್ಸ್ ಎದ್ದು ನಿಂತಿದೆ, ನೋಡಿದರೆ ಕಣ್ಣು ತಂಪಾಗುತ್ತೆ. ಆದರೆ ಅಲ್ಲಿಗೆ ತಲುಪುವವನು ಆಗಲೇ ಆಯ್ಕೆಯಾದವನು. ನನ್ನ ಲೆಕ್ಕದಲ್ಲಿ ಅದರ ಖರ್ಚಿನ ಒಂದು ಪಾಲನ್ನು ಜಿಲ್ಲೆಗೊಂದು ಮಣ್ಣಿನ ಪಿಚ್ಚಿಗೆ, ಅದನ್ನು ನೋಡಿಕೊಳ್ಳುವ ಮಾಲಿಗೆ, ತಿಂಗಳ ಸಂಬಳದ ಕೋಚಿಗೆ ಹಾಕಬೇಕು. ಪೊದ್ದಾರ್‌ರಂಥವರನ್ನು ಮತ್ತೆ ರೈಲು ಹತ್ತಿಸಬೇಕು. ಹುಡುಗರಿಗೆ ನೆಟ್ಸ್ ಕಮ್ಮಿ ಮಾಡಿ ಎರಡು ದಿನದ ಪಂದ್ಯ ಜಾಸ್ತಿ ಮಾಡಬೇಕು.

ಆಗೋದಿಲ್ಲ ಅನ್ನುವವರಿಗೆ ಅದೇ ನವೆಂಬರನ್ನು ತೋರಿಸ್ತೀನಿ. ಈಡನ್ ಸೋಲಿಗೆ ಎರಡು ವಾರ ಮುಂಚೆ, ನವೆಂಬರ್ 2ರಂದು, ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ಇದೇ ದಕ್ಷಿಣ ಆಫ್ರಿಕಾವನ್ನು 52 ರನ್ನಿಂದ ಸೋಲಿಸಿ ವಿಶ್ವಕಪ್ ತಂದರು. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟಿಗೆ ನಾಯಕಿಯಾದಾಗ ಅವರಿಗೆ ಮಂಡಳಿಯ ಹಣವೂ ಇಲ್ಲ, ನೆರಳೂ ಇಲ್ಲ. ಮಹಿಳಾ ಕ್ರಿಕೆಟ್ ಮಂಡಳಿಯ ಕೈಗೆ ಬಂದದ್ದೇ 2006ರಲ್ಲಿ, ಮಹಿಳೆಯರ ಲೀಗ್ ಬಂದದ್ದು 2023ರಲ್ಲಿ. ಹಣ, ಪಂದ್ಯ, ಕೋಚು ಕೆಳಗಿನವರೆಗೂ ಇಳಿದ ಮೇಲೆ ಸಿಲಿಗುರಿಯ ರಿಚಾ ಘೋಷ್‌ಳಂಥವರು ಮೇಲೆ ಬಂದರು.

ಅವಳಿಗಿಂತ ಹಿಂದೆ ಜೂಲನ್ ಗೋಸ್ವಾಮಿ ಇದ್ದಳು. 1997ರ ಡಿಸೆಂಬರಿನಲ್ಲಿ ಈಡನ್ನಿನಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಚೆಂಡು ಹೆಕ್ಕಿಕೊಡುವ ಹುಡುಗಿಯಾಗಿ ಬಂದವಳು. ಚಾಕ್ದಾಹದಿಂದ ಬೆಳಗಿನ ಲೋಕಲ್ ಹಿಡಿದು ಇದೇ ವಿವೇಕಾನಂದ ಪಾರ್ಕಿಗೆ ಅಭ್ಯಾಸಕ್ಕೆ ಬರುತ್ತಿದ್ದಳು, ನಮ್ಮ ಜೋಶಿ ಹುಬ್ಬಳ್ಳಿಗೆ ಹೋಗುತ್ತಿದ್ದ ಹಾಗೇ. 2025ರ ಜನವರಿಯಲ್ಲಿ ಈಡನ್ನಿನ ಒಂದು ಸ್ಟ್ಯಾಂಡಿಗೆ ಅವಳ ಹೆಸರಿಟ್ಟರು. ಈಗ ಪಾರ್ಕಿನಲ್ಲಿ ಬೆಳಿಗ್ಗೆ ಹುಡುಗಿಯರೂ ಕಾಣುತ್ತಾರೆ. ಕೆಲವರ ಕಿಟ್ ಬ್ಯಾಗಿನ ಪಕ್ಕದಲ್ಲಿ ಶಾಲೆಯ ಚೀಲವೂ ಇರುತ್ತದೆ, ದೂರದಿಂದ ಬಂದವರು ಅಂತ ಅದರಿಂದಲೇ ತಿಳಿಯುತ್ತದೆ.